ಹಾಫ್‌ಸ್ಟೆಡ್ ದೇಶ-ಹೋಲಿಕೆ ಟೂಲ್: ಹುಬ್ಬಳ್ಳಿಯ ಕಾರ್ಖಾನೆಗೆ ಎಷ್ಟು ಉಪಯೋಗ?

ಗೋಕುಲ ರಸ್ತೆ, ತಾರಿಹಾಳದ ಕಡೆ ವಾಲ್ವ್ ಮತ್ತು ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುವವರಿಗೆ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ ಈ ಟೂಲ್ ಖಂಡಿತ ಕೆಲಸಕ್ಕೆ ಬರುತ್ತದೆ. ಆದರೆ ಗ್ರಾಹಕರ ಜೊತೆ ಮೊದಲ ಮೀಟಿಂಗಿಗೆ ತಯಾರಾಗಲು ಮಾತ್ರ. ಕೆಲಸಕ್ಕೆ ಆಳು ಆರಿಸಲು, ಬಡ್ತಿ ಕೊಡಲು ಇದನ್ನು ಬಳಸಬಾರದು.

ದೇಶಗಳನ್ನು ಆರಿಸಿದರೆ ಅಲ್ಲಿನ ಸಂಸ್ಕೃತಿಯನ್ನು ಅಳೆಯುವ ಆರು ಆಯಾಮಗಳ ಅಂಕಗಳು ಕಂಬಗಳಾಗಿ ಮೂಡುತ್ತವೆ. ಕಾರ್ಖಾನೆಗೆ ಎರಡು ಸಾಕು. ಒಂದು, ಅಧಿಕಾರದ ಅಂತರ. ಅಧಿಕಾರ ಸಮನಾಗಿ ಹಂಚಿಲ್ಲದಿರುವುದನ್ನು ಕೆಳಗಿನವರು ಎಷ್ಟರಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿದ್ದಾರೆ ಎಂಬ ಅಳತೆ ಇದು: ಭಾರತ 77, ಜಪಾನ್ 54, ಜರ್ಮನಿ 35. ಇನ್ನೊಂದು, ಅನಿಶ್ಚಿತತೆಯನ್ನು ದೂರವಿಡುವ ಪ್ರವೃತ್ತಿ. ಮುಂದೇನೆಂದು ಗೊತ್ತಿಲ್ಲದ ಸ್ಥಿತಿ ಜನರಿಗೆ ಎಷ್ಟು ಕಸಿವಿಸಿ, ಅದನ್ನು ತಪ್ಪಿಸಲು ನಿಯಮ, ಖಚಿತತೆಯನ್ನು ಎಷ್ಟು ಬಯಸುತ್ತಾರೆ ಎಂಬ ಅಳತೆ ಇದು: ಭಾರತ 40, ಜರ್ಮನಿ 65, ಜಪಾನ್ 92.

77ಕ್ಕೂ 35ಕ್ಕೂ ಇರುವ ಅಂತರ ವಿಡಿಯೊ ಮೀಟಿಂಗಿನಲ್ಲೇ ಕಾಣುತ್ತದೆ. ಜರ್ಮನ್ ಎಂಜಿನಿಯರ್ ನೇರವಾಗಿ ಟೂಲ್‌ರೂಮ್ ಸೂಪರ್‌ವೈಸರನ್ನೇ ಕೇಳುತ್ತಾರೆ: ಈ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ) ಬರುತ್ತದೆಯೇ? ಸೂಪರ್‌ವೈಸರ್ ಮಾಲೀಕರ ಮುಖ ನೋಡುತ್ತಾರೆ, ಮಾಲೀಕರು ‘ಆಗ್ತದ ರೀ’ ಅಂದುಬಿಡುತ್ತಾರೆ. ಕಷ್ಟ ಗೊತ್ತಿದ್ದ ಮನುಷ್ಯ ಬಾಯಿ ಬಿಡಲಿಲ್ಲ, ಮೊದಲ ಲಾಟೇ ರಿಜೆಕ್ಟ್. ಇದಕ್ಕೆ ಮದ್ದು ಸರಳ. ಯಾವ ಪ್ರಶ್ನೆಗೆ ಯಾರು ಉತ್ತರಿಸಬೇಕೆಂದು ಹಿಂದಿನ ದಿನವೇ ಗೊತ್ತುಮಾಡಿ. ಡ್ರಾಯಿಂಗ್ ಮೇಲೆ ಅನುಮಾನವಿರುವ ಅಳತೆಗಳನ್ನು ಸೂಪರ್‌ವೈಸರ್ ಕೈಯಿಂದಲೇ ಗುರುತು ಹಾಕಿಸಿ, ಆ ಪಟ್ಟಿ ಗ್ರಾಹಕರಿಗೆ ಮೊದಲೇ ಮೇಲ್‌ನಲ್ಲಿ ಹೋಗಲಿ. ಎಲ್ಲರೆದುರು ದೊಡ್ಡವರ ಮಾತು ಮೀರುವ ಸಂಕೋಚ ಆಗ ಅಡ್ಡ ಬರುವುದಿಲ್ಲ.

ಜಪಾನಿನ ವಿಷಯದಲ್ಲಿ ಟೂಲ್ ಅರ್ಧ ದಾರಿ ತೋರಿಸುತ್ತದೆ. 92 ನೋಡಿದಾಗ, ಸರಿಪಡಿಸಿದ ಪೀಸ್ ಕಳಿಸಿದರಷ್ಟೇ ಸಾಲದು, ದೋಷ ಯಾಕೆ ಬಂತು, ಮತ್ತೆ ಬರದಂತೆ ಏನು ಮಾಡಿದಿರಿ ಎಂಬುದನ್ನೂ ಬರೆದು ಕೊಡಬೇಕು ಎಂದು ಹೊಳೆಯುತ್ತದೆ. ಆದರೆ ಅಲ್ಲಿನ ಅನೇಕ ಕಂಪನಿಗಳಲ್ಲಿ ಸಂಬಂಧಪಟ್ಟವರ ಒಪ್ಪಿಗೆಯನ್ನು ಮೀಟಿಂಗಿಗೆ ಮೊದಲೇ ಒಬ್ಬೊಬ್ಬರಿಂದ ಪಡೆಯುವ ‘ನೆಮವಾಶಿ’ ಪದ್ಧತಿ ಇದೆ. ಇದು 54ರೊಳಗೆ ಎಲ್ಲೂ ಕಾಣುವುದಿಲ್ಲ. ಮೀಟಿಂಗಿನಲ್ಲೇ ಹೊಸ ದರ ಮುಂದಿಟ್ಟು ಕೂಡಲೇ ಉತ್ತರ ಕೇಳುವವರು ಎಡವುವುದು ಇಲ್ಲೇ.

ಅಂಕಗಳ ಮೂಲವೂ ಗೊತ್ತಿರಲಿ. ನೆದರ್ಲೆಂಡ್ಸ್‌ನ ಸಾಮಾಜಿಕ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೆಡ್ ಮೊದಲ ನಾಲ್ಕು ಆಯಾಮಗಳನ್ನು ಕಟ್ಟಿದ್ದು ಸುಮಾರು 1967ರಿಂದ 1973ರ ನಡುವೆ ಐಬಿಎಂ ಎಂಬ ಒಂದೇ ಕಂಪನಿಯ ನೌಕರರು ತುಂಬಿದ ಪ್ರಶ್ನಾವಳಿಗಳಿಂದ. ಉಳಿದೆರಡು ಆಮೇಲೆ ಸೇರಿದವು. ಅಂಕ ಇಡೀ ದೇಶದ ಸರಾಸರಿ. ಎದುರಿಗೆ ಕುಳಿತವರ ಸ್ವಭಾವ ಅದರಿಂದ ತಿಳಿಯದು. ಸಂಸ್ಥೆ ಸಂಸ್ಥೆಗಳ ನಡುವಿನ ವ್ಯತ್ಯಾಸ ಇರುವುದು ಮೌಲ್ಯಗಳಿಗಿಂತ ಹೆಚ್ಚಾಗಿ ದಿನನಿತ್ಯದ ರೂಢಿಗಳಲ್ಲಿ ಎಂದು ಹಾಫ್‌ಸ್ಟೆಡ್ ಅವರೇ ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳ 20 ಘಟಕಗಳ ಅಧ್ಯಯನದಿಂದ ತೋರಿಸಿದ್ದರು. ಟೂಲ್ ಬಳಸುವ ಬಹಳ ಮಂದಿ ಈ ಮಾತನ್ನು ಬಿಟ್ಟೇಬಿಡುತ್ತಾರೆ, ಅದೇ ಬೇಸರ.

ನಮ್ಮ ಸುತ್ತಲೇ ನೋಡಿ. ಅನಿಶ್ಚಿತತೆಯ ಆಯಾಮದಲ್ಲಿ 40 ಅಂಕದ ದೇಶದಲ್ಲೇ ಬೆಂಗೇರಿಯ ಖಾದಿ ಕೇಂದ್ರ ರಾಷ್ಟ್ರಧ್ವಜ ಮಾಡುತ್ತದೆ. 6300×4200 ಮಿಲಿಮೀಟರಿನಿಂದ 150×100ರವರೆಗೆ ಒಂಬತ್ತು ಗಾತ್ರ. ಬಣ್ಣ, ನೂಲು, ಹೊಲಿಗೆ ಎಲ್ಲವೂ ಮಾನಕಕ್ಕೆ ತಕ್ಕಂತಿರಬೇಕು. ಅಧಿಕಾರದ ಅಂತರದಲ್ಲಿ 77 ಅಂಕದ ಇದೇ ದೇಶದಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ಶೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ ಎನ್ನುವುದು ಸಹಕಾರದ ನಿಯಮ. ಅದನ್ನು ಕಟ್ಟಿದ ಸಿದ್ದನಗೌಡ ಪಾಟೀಲರು ಊರಿನ ಗೌಡಕಿ ಮನೆತನದವರು. ಬರೆದಿಟ್ಟ ನಿಯಮ ಮತ್ತು ದಿನದ ರೂಢಿ ಸೇರಿದರೆ ದೇಶದ ಸರಾಸರಿಯನ್ನು ಒಂದು ಸಂಸ್ಥೆ ಹೀಗೆ ದಾಟಬಲ್ಲದು.

ಟೂಲ್‌ಗೆ ನನ್ನ ಕಡೆಯಿಂದ ಐದಕ್ಕೆ ಮೂರು ಅಂಕ. ಬಳಸುವವರು ಅಂತರ 20ಕ್ಕಿಂತ ಹೆಚ್ಚಿರುವ ಆಯಾಮಗಳನ್ನಷ್ಟೇ ತೆಗೆದುಕೊಂಡು, ಪ್ರತಿಯೊಂದನ್ನೂ ಗ್ರಾಹಕರಿಗೆ ಕೇಳುವ ಪ್ರಶ್ನೆಯಾಗಿ ಬದಲಿಸಿಕೊಳ್ಳಿ: ನಿಮ್ಮಲ್ಲಿ ಡ್ರಾಯಿಂಗ್ ಬದಲಾವಣೆಗೆ ಸಹಿ ಯಾರದು? ತಡವಾಗುವ ಸುದ್ದಿಯನ್ನು ಯಾರಿಗೆ, ಎಷ್ಟು ದಿನ ಮೊದಲು ಹೇಳಬೇಕು? ಜೊತೆಗೆ ನಮ್ಮ ಶಾಪ್‌ಫ್ಲೋರ್‌ನಲ್ಲೂ ಒಂದು ಮಾತು ಕೇಳಿ: ದೋಷ ಕಂಡ ಆಪರೇಟರ್ ಯಾರನ್ನೂ ಕೇಳದೆ ಮಷಿನ್ ನಿಲ್ಲಿಸಬಹುದೇ?