ಕಾಫಿ ಕೊಯ್ಲಿನ ಲೆಕ್ಕಕ್ಕೆ ಸ್ನೋಫ್ಲೇಕ್: ಖರ್ಚು ಅಂಕೆಯಲ್ಲಿ ನಿಲ್ಲುತ್ತದೆಯೇ?

ಕೊಡಗಿನ ಕಾಫಿ ವಹಿವಾಟು ವರ್ಷದ ಹನ್ನೆರಡು ತಿಂಗಳೂ ಒಂದೇ ಬಗೆಯಲ್ಲಿ ನಡೆಯುವುದಿಲ್ಲ. ನವೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣಾಗಿ, ಅದು ಮುಗಿಯುತ್ತಿದ್ದಂತೆ ರೊಬಸ್ಟಾ ಕೊಯ್ಲು ಬಂದು, ಮಾರ್ಚ್‌ವರೆಗೆ ತೂಕದ ಚೀಟಿ, ತೇವಾಂಶದ ಅಳತೆ, ಔಟ್‌ಟರ್ನ್ (ಒಣ ಕಾಫಿಯಿಂದ ಎಷ್ಟು ಬೀಜ ಸಿಕ್ಕಿತೆಂಬ) ಲೆಕ್ಕ, ಬೆಳೆಗಾರರ ಪಾವತಿ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಅಂಕಿಅಂಶಗಳನ್ನು ಕೇಳುವವರೇ ಇರುವುದಿಲ್ಲ. ಬಳಸಿದಷ್ಟಕ್ಕೆ ಮಾತ್ರ ಹಣ ತೆಗೆದುಕೊಳ್ಳುವ, ದತ್ತಾಂಶ ಕೂಡಿಟ್ಟು ಲೆಕ್ಕ ಹಾಕುವ ಕ್ಲೌಡ್ ವೇದಿಕೆ ಇಂಥ ಕೆಲಸಕ್ಕೆ ಹೊಂದಿಕೊಳ್ಳುತ್ತದೆ ಎಂಬ ಕಾರಣಕ್ಕೇ ಕುಶಾಲನಗರದ ನಮ್ಮ ಖರೀದಿ ಮತ್ತು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಸಂಸ್ಥೆ ಸ್ನೋಫ್ಲೇಕ್ ಅನ್ನು ಆರಿಸಿಕೊಂಡಿತು. ಅದರ ವೇಗದ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ. ನಾನು ಇಲ್ಲಿ ಪರಿಶೀಲಿಸುವುದು ಆಡಳಿತದ ಭಾಗವನ್ನು ಮಾತ್ರ: ಒಂದು ಸಂಸ್ಥೆಯ ಹೆಸರಿನಡಿ ಹಲವು ಖಾತೆಗಳನ್ನು ನಡೆಸುವುದು ಎಷ್ಟು ಸಲೀಸು, ಖರ್ಚಿಗೆ ಹಾಕಿದ ಮಿತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು.

ಖಾತೆಗಳ ವ್ಯವಸ್ಥೆಯ ಬಗ್ಗೆ ಹೆಚ್ಚು ದೂರಿಲ್ಲ. ಆರ್ಗ್‌ಅಡ್ಮಿನ್ ಎಂಬ ಪಾತ್ರ ಉಳ್ಳವರು ಹೊಸ ಖಾತೆಯನ್ನು ಕೆಲವೇ ನಿಮಿಷಗಳಲ್ಲಿ ತೆರೆಯಬಹುದು. ಪ್ರತಿ ಖಾತೆಗೂ ತನ್ನದೇ ಆವೃತ್ತಿ, ತನ್ನದೇ ಪ್ರದೇಶ (ದತ್ತಾಂಶ ಕೇಂದ್ರ ಇರುವ ಜಾಗ) ಇರುತ್ತದೆ, ಬಿಲ್ಲು ಮಾತ್ರ ಸಂಸ್ಥೆಯ ಮಟ್ಟದಲ್ಲಿ ಒಟ್ಟಾಗಿ ಬರುತ್ತದೆ. ನಾವು ಖರೀದಿಗೆ ಒಂದು, ಕ್ಯೂರಿಂಗ್ ಕಾರ್ಖಾನೆಗೆ ಒಂದು, ಪ್ರಯೋಗಕ್ಕೆ ಒಂದು ಎಂದು ಮೂರನ್ನು ಇಟ್ಟುಕೊಂಡಿದ್ದೇವೆ. ಮೂರೂ ಮುಂಬೈ ಪ್ರದೇಶದಲ್ಲೇ ಇರುವುದರಿಂದ, ಕಾರ್ಖಾನೆಯ ಔಟ್‌ಟರ್ನ್ ಕೋಷ್ಟಕವನ್ನು ನಕಲು ಮಾಡದೆಯೇ ಖರೀದಿ ಖಾತೆಯೊಡನೆ ಹಂಚಿಕೊಳ್ಳಲು ಸಾಧ್ಯವಾಗಿದೆ, ಮತ್ತು ಇದು ನನಗೆ ಬಹಳ ಹಿಡಿಸಿದ ಸೌಲಭ್ಯ. ಕೇಳದೆಯೇ 25 ಖಾತೆಗಳವರೆಗೆ ಅವಕಾಶವಿದೆ ಎಂದು ಊರಿಗೊಂದು, ಡಿಪೋಗೊಂದು ತೆರೆಯುತ್ತಾ ಹೋಗುವುದು ಮಾತ್ರ ತರವಲ್ಲ. ಬಳಕೆಯ ಮಿತಿ ಹಾಕುವ ರಿಸೋರ್ಸ್ ಮಾನಿಟರ್ ಒಂದು ಖಾತೆಯ ಒಳಗಷ್ಟೇ ಕೆಲಸ ಮಾಡುತ್ತದೆ, ಇಡೀ ಸಂಸ್ಥೆಗೆ ಒಂದೇ ಮಾನಿಟರ್ ಹಾಕಲು ಬರುವುದಿಲ್ಲ. ಹೀಗಾಗಿ ಖಾತೆ ಹೆಚ್ಚಿದಷ್ಟೂ ಕಾವಲು ಕಾಯುವ ಕೆಲಸವೂ ಹೆಚ್ಚುತ್ತದೆ.

ವಿರಾಜಪೇಟೆ, ಗೋಣಿಕೊಪ್ಪಲು, ಸಿದ್ದಾಪುರದ ಡಿಪೋಗಳನ್ನು ನಾವು ಒಂದೇ ಖಾತೆಯೊಳಗೆ ಬೇರೆ ಬೇರೆ ವೇರ್‌ಹೌಸ್‌ಗಳಾಗಿ ಇರಿಸಿದ್ದೇವೆ. ವೇರ್‌ಹೌಸ್ ಎಂದರೆ ಪ್ರಶ್ನೆಗಳನ್ನು, ಅಂದರೆ ದತ್ತಾಂಶದಿಂದ ಉತ್ತರ ಕೇಳುವ ಆದೇಶಗಳನ್ನು, ಓಡಿಸುವ ಗಣಕಶಕ್ತಿ. ಅತಿ ಚಿಕ್ಕ ಅಳತೆಯದು ಗಂಟೆಗೆ 1 ಕ್ರೆಡಿಟ್ (ಸ್ನೋಫ್ಲೇಕ್ ಬಿಲ್ಲು ಹಾಕುವ ಬಳಕೆಯ ಮಾನ) ಬಳಸುತ್ತದೆ, ಮುಂದಿನ ಅಳತೆಗಳಲ್ಲಿ ಅದು 2, 4, 8 ಎಂದು ಇಮ್ಮಡಿಯಾಗುತ್ತಾ ಹೋಗುತ್ತದೆ. ರಿಸೋರ್ಸ್ ಮಾನಿಟರ್‌ನಲ್ಲಿ ತಿಂಗಳಿಗೆ ಇಷ್ಟು ಕ್ರೆಡಿಟ್ ಎಂದು ಕೋಟಾ ನಿಗದಿ ಮಾಡಿ, ಶೇಕಡಾವಾರು ಗುರುತುಗಳನ್ನು ಹಾಕಬೇಕು. ನಮ್ಮಲ್ಲಿ ಶೇ. 75 ಮುಟ್ಟಿದಾಗ ಎಚ್ಚರಿಕೆ ಬರುತ್ತದೆ, ಶೇ. 90ಕ್ಕೆ, ಓಡುತ್ತಿರುವ ಪ್ರಶ್ನೆಗಳನ್ನು ಮುಗಿಸಲು ಬಿಟ್ಟು ವೇರ್‌ಹೌಸ್ ನಿಲ್ಲುತ್ತದೆ, ಶೇ. 100ಕ್ಕೆ, ಓಡುತ್ತಿರುವುದನ್ನೂ ರದ್ದುಮಾಡಿ ನಿಲ್ಲುತ್ತದೆ. ಕೊನೆಯದನ್ನು ಹಾಕಿದರೂ ಒಂದಿಷ್ಟು ಕ್ರೆಡಿಟ್ ಮೇಲೆ ಹೋಗಬಹುದು, ಏಕೆಂದರೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದ್ದರಿಂದ ಬಜೆಟ್ಟಿನ ಕೊನೆಯ ರೂಪಾಯಿಗೆ ಸರಿಯಾಗಿ ಕೋಟಾ ಇಡದೆ ತುಸು ಕೆಳಗೇ ಇಡುವುದು ಜಾಣತನ.

ಇಲ್ಲಿ ಎರಡು ಸಂಗತಿಗಳನ್ನು ಹೊಸಬರು ಮೊದಲೇ ತಿಳಿದಿರಬೇಕು. ಕೋಟಾ ಮರುಹೊಂದುವುದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ. ನಸುಕಿಗೆ ಮುಂಚೆ ನಡೆಯುವ ರಾತ್ರಿಯ ಲೋಡ್ (ದತ್ತಾಂಶ ತುಂಬುವ ಕೆಲಸ) ಹಿಂದಿನ ಅವಧಿಯ ಲೆಕ್ಕಕ್ಕೇ ಸೇರುತ್ತದೆ. ಎರಡನೆಯದಾಗಿ, ಎಚ್ಚರಿಕೆಯ ಇಮೇಲ್ ತಾನಾಗಿ ಬರುವುದಿಲ್ಲ. ಆಡಳಿತಾಧಿಕಾರಿ ತನ್ನ ವಿಳಾಸವನ್ನು ದೃಢೀಕರಿಸಿ, ಸೂಚನೆ ಬೇಕೆಂದು ಸ್ವತಃ ಆರಿಸಿಕೊಂಡಿರಬೇಕು. ಹಣಕ್ಕೆ ಸಂಬಂಧಿಸಿದ ಎಚ್ಚರಿಕೆಯನ್ನು ಮೊದಲಿನಿಂದಲೇ ಚಾಲನೆಯಲ್ಲಿ ಇಡದಿರುವುದಕ್ಕೆ ನನಗೆ ಯಾವ ಸಮರ್ಥನೆಯೂ ತೋಚುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ಮಾನಿಟರ್ ಕಾಯುವುದು ನಾವು ರಚಿಸಿದ ವೇರ್‌ಹೌಸ್‌ಗಳನ್ನು ಮಾತ್ರ. ಫೈಲು ಬಂದ ಕೂಡಲೇ ತುಂಬಿಕೊಳ್ಳುವ ಸ್ನೋಪೈಪ್, ತಾನಾಗಿ ನಡೆಯುವ ಕ್ಲಸ್ಟರಿಂಗ್ (ಕೋಷ್ಟಕದ ಸಾಲುಗಳನ್ನು ಒಪ್ಪವಾಗಿ ಜೋಡಿಸುವುದು) ಮುಂತಾದ ಸರ್ವರ್‌ಲೆಸ್ (ಸ್ನೋಫ್ಲೇಕ್ ತನ್ನದೇ ಗಣಕಶಕ್ತಿಯಲ್ಲಿ ಓಡಿಸುವ) ಸೇವೆಗಳ ಖರ್ಚು ಈ ಬೇಲಿಯ ಹೊರಗಿನದು. ಡಿಪೋದಿಂದ ತೂಕದ ಚೀಟಿಗಳು ಸಣ್ಣ ಸಣ್ಣ ಫೈಲುಗಳಾಗಿ ದಿನವಿಡೀ ಬರುವ ನಮ್ಮಂಥವರಿಗೆ ಇದು ಉಪೇಕ್ಷಿಸುವ ಮಾತಲ್ಲ. ಅವುಗಳಿಗಾಗಿ ಬಜೆಟ್ ಎಂಬ ಪ್ರತ್ಯೇಕ ಸೌಲಭ್ಯವಿದ್ದರೂ, ಖರ್ಚು ಮಿತಿ ಮೀರುವ ಲಕ್ಷಣ ಕಂಡಾಗ ತಿಳಿಸುವುದೇ ಅದರ ಮುಖ್ಯ ಕೆಲಸ, ಕೈ ಹಿಡಿದು ನಿಲ್ಲಿಸುವುದಲ್ಲ.

ನನ್ನ ಅನುಭವದಲ್ಲಿ ಹಣ ಉಳಿಸುವುದು ಮಾನಿಟರ್‌ಗಿಂತ ಹೆಚ್ಚಾಗಿ ಆಟೋ ಸಸ್ಪೆಂಡ್ ಎಂಬ ಒಂದು ಸಣ್ಣ ಅಂಕಿ, ಅಂದರೆ ಕೆಲಸವಿಲ್ಲದೆ ಎಷ್ಟು ಹೊತ್ತಾದ ಮೇಲೆ ವೇರ್‌ಹೌಸ್ ತಾನಾಗಿ ನಿಲ್ಲಬೇಕು ಎಂಬುದು. ಆದೇಶ ಬರೆದು ವೇರ್‌ಹೌಸ್ ರಚಿಸುವಾಗ ಏನೂ ಹೇಳದಿದ್ದರೆ ಅದು 600 ಸೆಕೆಂಡ್ ಇರುತ್ತದೆ. ಕಚೇರಿಯ ಗೋಡೆಯ ಮೇಲಿನ ಖರೀದಿ ಫಲಕ ಐದು ನಿಮಿಷಕ್ಕೊಮ್ಮೆ ಹೊಸ ಚೀಟಿಗಳನ್ನು ಕೇಳುತ್ತಿದ್ದರೆ, ಹತ್ತು ನಿಮಿಷ ಬಿಡುವು ಎಂದೂ ಸಿಗದ ಕಾರಣ ವೇರ್‌ಹೌಸ್ ಮಲಗುವುದೇ ಇಲ್ಲ. ಕೆರೆಯ ಮೋಟಾರನ್ನು ಆರಿಸಲು ಮರೆತು ಮನೆಗೆ ಬಂದಂತೆ ಅದು ದಿನಕ್ಕೆ 24 ಕ್ರೆಡಿಟ್ ನುಂಗುತ್ತದೆ. ಅದೇ ಅಂಕಿಯನ್ನು 60ಕ್ಕೆ ಇಳಿಸಿದರೆ ಖರ್ಚು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಪ್ರತಿ ಬಾರಿ ಎದ್ದಾಗಲೂ ಕನಿಷ್ಠ 60 ಸೆಕೆಂಡಿನ ದರ ಬೀಳುವುದರಿಂದ ಅದಕ್ಕಿಂತ ಕಡಿಮೆ ಮಾಡಿ ಹೆಚ್ಚು ಲಾಭವಿಲ್ಲ. ಒಂದು ಪ್ರಶ್ನೆ ಎಷ್ಟು ಹೊತ್ತು ಓಡಬಹುದೆಂಬ ಗಡುವೂ ಮೊದಲಿಗೆ 1,72,800 ಸೆಕೆಂಡ್, ಅಂದರೆ ಪೂರ್ತಿ ಎರಡು ದಿನ. ಡಿಪೋದ ಲೆಕ್ಕಕ್ಕೆ ಹತ್ತು ನಿಮಿಷ ಸಾಕೆಂದು ನಾವು ಅದನ್ನು 600ಕ್ಕೆ ತಂದಿದ್ದೇವೆ.

ಬಳಕೆಯ ವರದಿಗಳು ವಿವರವಾಗಿವೆ, ಒಂದು ವರ್ಷದ ಇತಿಹಾಸವೂ ಸಿಗುತ್ತದೆ. ಖಾತೆಯ ಮಟ್ಟದ ವೇರ್‌ಹೌಸ್ ಲೆಕ್ಕ ಮೂರು ಗಂಟೆಗಳವರೆಗೆ, ಸಂಸ್ಥೆಯ ಮಟ್ಟದ್ದು ಒಂದು ದಿನದವರೆಗೆ ತಡವಾಗಬಹುದು.

ಒಂದೇ ತೋಟದ ಲೆಕ್ಕವಿಟ್ಟುಕೊಳ್ಳುವ ಬೆಳೆಗಾರರಿಗೆ ಇದು ಬೇಡವೇ ಬೇಡ. ಅವರಿಗೆ ಎಕ್ಸೆಲ್ ಧಾರಾಳವಾಗಿ ಸಾಕು. ಹಲವು ಡಿಪೋಗಳಿಂದ ಖರೀದಿಸಿ, ಕ್ಯೂರಿಂಗ್ ಮಾಡಿಸಿ, ರಫ್ತುದಾರರಿಗೆ ಲೆಕ್ಕ ಒಪ್ಪಿಸುವ ಸಂಸ್ಥೆಗಳಿಗೆ, ಮಿತಿಗಳನ್ನು ಹಾಕಬಲ್ಲ ಒಬ್ಬರಾದರೂ ಒಳಗೇ ಇದ್ದರೆ, ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಕೋಟಾ ಎಲ್ಲ ತಿಂಗಳಿಗೂ ಒಂದೇ ಆಗಿರುತ್ತದೆ, ಕೊಯ್ಲಿಗೊಂದು ಮಳೆಗಾಲಕ್ಕೊಂದು ಎಂದು ಮೊದಲೇ ಬರೆದಿಡುವ ಜಾಗ ಮಾನಿಟರ್‌ನಲ್ಲಿ ಇಲ್ಲ. ಅದಕ್ಕಾಗಿ ಮಾನಿಟರ್ ತಿದ್ದುವ ಹಕ್ಕನ್ನಷ್ಟೇ ಲೆಕ್ಕಪತ್ರ ವಿಭಾಗದ ಪಾತ್ರಕ್ಕೆ ಕೊಟ್ಟಿದ್ದೇವೆ. ನವೆಂಬರ್‌ನಲ್ಲಿ ಕೋಟಾ ಏರಿಸುವುದೂ ಏಪ್ರಿಲ್‌ನಲ್ಲಿ ಇಳಿಸುವುದೂ ಅವರ ಕೈಯಲ್ಲೇ ಇದೆ, ಅದಕ್ಕಾಗಿ ಖಾತೆಯ ಪೂರ್ಣ ಅಧಿಕಾರವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ.