ದುಡ್ಡಿನ ಸರ್ವೆ, ಪುಕ್ಕಟೆ ಫಾರ್ಮ್, ವಾಟ್ಸ್‌ಆ್ಯಪ್: ನನಗೆ ಕೆಲಸಕ್ಕೆ ಬಂದದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ. ಗಿರಾಕಿಗಳ ಮನಸ್ಸು ತಿಳಿಯೋಕೆ ನನಗೆ ನೆರವಾಗಿದ್ದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಒಂದೇ ಒಂದು ಪ್ರಶ್ನೆ. ಸರ್ವೆ ಆ್ಯಪಿಗೆ ವರ್ಷದ ದುಡ್ಡು ಒಮ್ಮೆಗೇ ಕಟ್ಟಿ, ಆರು ಸಾವಿರ ಚಿಲ್ಲರೆ ನೀರಿಗೆ ಹಾಕಿದ ಮೇಲೆ ಬಂದ ಬುದ್ಧಿ ಇದು.

ನಮ್ಮದು ಹುಬ್ಬಳ್ಳಿಯ ಮನೆಯಿಂದಲೇ ನಡೆಯುವ ವ್ಯಾಪಾರ. ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿ ತಂದು, ತೊಟ್ಟು ತೆಗೆದು, ಒಣಗಿಸಿ, ಪುಡಿ ಮಾಡಿಸಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಜೊತೆಗೆ ಶೇಂಗಾ ಚಟ್ನಿ. ತಿಂಗಳಿಗೆ ಐವತ್ತು, ಅರವತ್ತು ಪಾರ್ಸೆಲ್. ಜಾಸ್ತಿ ಬೆಂಗಳೂರು, ಪುಣೆ ಕಡೆಗೇ. ಯಾರು ತಗೊಳ್ತಾರೆ, ಯಾಕೆ ತಗೊಳ್ತಾರೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ದುಡ್ಡಿನ ಆ್ಯಪ್ ನೋಡೋಕೆ ಚಂದ. ಬಣ್ಣ ಬಣ್ಣದ ಗ್ರಾಫು, ಸಿದ್ಧ ಪ್ರಶ್ನೆಗಳು. ಮೊದಲನೆಯದೇ ‘ನಮ್ಮ ಹೆಸರನ್ನು ನಾಲ್ಕು ಜನರಿಗೆ ಹೇಳ್ತೀರಾ? 0ಯಿಂದ 10ರೊಳಗೆ ಅಂಕ ಕೊಡಿ’. ಇದಕ್ಕೆ ನೆಟ್ ಪ್ರಮೋಟರ್ ಸ್ಕೋರ್ ಅಂತಾರೆ. 2003ರಲ್ಲಿ ಶುರುವಾದ ಲೆಕ್ಕ, ಎಷ್ಟೋ ದೊಡ್ಡ ಕಂಪನಿಗಳು ಬಳಸುತ್ತವೆ. 9, 10 ಕೊಟ್ಟವರು ನಮ್ಮ ಕಡೆಯವರು. 7, 8 ಕೊಟ್ಟವರು ಯಾವ ಕಡೆಯೂ ಅಲ್ಲ, ಒಟ್ಟು ಎಣಿಕೆಗೆ ಮಾತ್ರ. 6 ಮತ್ತು ಅದಕ್ಕಿಂತ ಕೆಳಗೆ ಕೊಟ್ಟವರು ಬೇಸರಪಟ್ಟವರು. ಮೊದಲಿನವರ ಶೇಕಡಾದಲ್ಲಿ ಕೊನೆಯವರ ಶೇಕಡಾ ಕಳೆದರೆ ಬರೋದೇ ನಮ್ಮ ಅಂಕ.

40 ಜನ ಉತ್ತರ ಕೊಟ್ಟರು. 12 ಜನ ನಮ್ಮ ಕಡೆ, 20 ಜನ ಬೇಸರದ ಕಡೆ. 30ರಲ್ಲಿ 50 ಕಳೆದರೆ ಮೈನಸ್ 20! ಎರಡು ರಾತ್ರಿ ನಿದ್ದೆ ಬರಲಿಲ್ಲ. ಪುಡಿಗೆ ಮುಗ್ಗು ಹಿಡಿದಿದೆಯಾ ಅಂತ ಡಬ್ಬಿ ಡಬ್ಬಿ ತೆರೆದು ಮೂಸಿ ನೋಡಿದೆ, ಸೀನಿದೆ. ಆಮೇಲೆ ಕಣ್ಣಿಗೆ ಬಿತ್ತು: ಆ 20ರಲ್ಲಿ 14 ಜನ ಒತ್ತಿದ್ದು ಸರಿಯಾಗಿ 1. ಅವರಲ್ಲೊಬ್ಬರು ಅದೇ ವಾರ ಮತ್ತೆ ಎರಡು ಕಿಲೋ ತರಿಸಿದ್ದರು. ಫೋನ್ ಹಚ್ಚಿದೆ.

‘ಒಂದ್ ನಂಬರ್ ಐತ್ರಿ ಅಕ್ಕಾರ ನಿಮ್ಮ ಖಾರ! ಅದಕ್ಕ ಒಂದ್ ಒತ್ತೀನಿ. ಯಾಕ್ರೀ, ತಪ್ಪಾತೇನು?’

ತಪ್ಪು ಅವರದಲ್ಲ. ನಮ್ಮ ಕಡೆ ಚಲೋ ಇದ್ದದ್ದಕ್ಕೆ ಹೇಳೋದೇ ‘ಒಂದ್ ನಂಬರ್’. ಸಾಲಿಯಲ್ಲಿ ಮೊದಲು ಬಂದ ಹುಡುಗಿಯೂ ಒಂದನೇ ನಂಬರೇ. ಹತ್ತನೇ ನಂಬರ್ ಬಂದರೆ ಯಾರು ಪೇಢೆ ಹಂಚುತ್ತಾರೆ? ಪ್ರಶ್ನೆಯನ್ನು ನಾನು ಕನ್ನಡ ಮಾಡಿದ್ದೆ. ಆದರೆ 0 ಅಂದರೆ ಏನು, 10 ಅಂದರೆ ಏನು ಅನ್ನೋದು ಇಂಗ್ಲಿಷಿನಲ್ಲೇ ಇತ್ತು, ಇರುವೆ ಸಾಲಿನಷ್ಟು ಸಣ್ಣಗೆ. ಅದನ್ನು ಬದಲಿಸೋಕೆ ಇನ್ನೂ ದುಬಾರಿ ಪ್ಲಾನ್ ಬೇಕಂತೆ.

ಉಳಿದ 13 ಜನರಿಗೂ ಫೋನ್ ಮಾಡಿದೆ. ಒಟ್ಟು 11 ಜನ ಮೆಚ್ಚಿಯೇ 1 ಒತ್ತಿದ್ದರು. ಲೆಕ್ಕ ತಿದ್ದಿದರೆ ಪ್ಲಸ್ 35. ಅದೇ ಜನ, ಅದೇ ಪುಡಿ! 10 ಒತ್ತಿದವರಲ್ಲಿ ಎಷ್ಟು ಜನ ಬೈದಿದ್ದರೋ ಅಂತಲೂ ಅನುಮಾನ ಬಂತು. ಕೇಳೋ ಧೈರ್ಯ ಆಗಲಿಲ್ಲ.

ಗೂಗಲ್ ಫಾರ್ಮ್ ಪುಕ್ಕಟೆ, ಒಮ್ಮೆ ಶೀಟಿಗೆ ಜೋಡಿಸಿದರೆ ಉತ್ತರಗಳೆಲ್ಲ ತಾವೇ ಅಲ್ಲಿ ಹೋಗಿ ಕೂರುತ್ತವೆ. ‘ಒಬ್ಬರಿಗೆ ಒಂದೇ ಉತ್ತರ’ ಅನ್ನೋದನ್ನು ನಾನೇ ಆನ್ ಮಾಡಿ ಕೆಟ್ಟೆ. ಹಾಗೆ ಮಾಡಿದರೆ ಗೂಗಲ್ ಖಾತೆಯಿಂದ ಲಾಗಿನ್ ಆಗಬೇಕು. ಪಾಸ್‌ವರ್ಡ್ ಮಗನ ಹತ್ತಿರ ಇರುವ ತಾಯಂದಿರು ಅಲ್ಲೇ ಬಿಟ್ಟರು.

ವಾಟ್ಸ್‌ಆ್ಯಪ್ ಗುಂಪಿನ ಪೋಲ್ ಬರೀ ಮಜಾಕ್ಕೆ. ಮೊದಲ ಮೂವರು ಯಾವುದು ಒತ್ತಿದರೋ ಉಳಿದವರೂ ಅದನ್ನೇ ಒತ್ತಿದರು. ಹೆಸರು ಎಲ್ಲರಿಗೂ ಕಾಣುತ್ತಿತ್ತಲ್ವಾ.

ಕೊನೆಗೆ ಪಾರ್ಸೆಲ್ ಮುಟ್ಟಿ ಹತ್ತು ದಿನ ಆದ ಮೇಲೆ ಒಬ್ಬೊಬ್ಬರಿಗೇ ಕಳಿಸಿದ ಪ್ರಶ್ನೆ ಇದು: ‘ಪುಡಿ ಯಾವುದಕ್ಕೆ ಹಾಕಿದ್ರಿ?’ ಹೇಗಿದೆ ಅಂತ ಕೇಳಲಿಲ್ಲ. ಹೇಗಿದೆ ಅಂದರೆ ಎಲ್ಲರೂ ‘ಚಲೋ ಐತ್ರಿ’ ಅನ್ನುವವರೇ. ಟೈಪ್ ಮಾಡೋ ತ್ರಾಸಿಲ್ಲ, ಮಾತಾಡಿ ಕಳಿಸಿ ಅಂದೆ. ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಿರುವಾಗಲೇ ಒಬ್ಬರು ಹೇಳಿದರು: ‘ಸಣ್ಣ ಹುಡುಗರ ಪಲ್ಯಕ್ಕ ಹಾಕತೇನ್ರಿ. ಬಣ್ಣ ಬರತೈತಿ, ಖಾರ ಹತ್ತೂದಿಲ್ಲ.’ ಇಂಥದ್ದೇ ಮಾತು ಎಂಟು ಹತ್ತು ಬಂದವು. ನಾವು ತರೋದು ಬ್ಯಾಡಗಿಯಲ್ಲೇ ‘ಡಬ್ಬಿ’ ಅನ್ನೋ ತಳಿಯ ಮೆಣಸಿನಕಾಯಿ. ಬಣ್ಣ ಜಾಸ್ತಿ, ಖಾರ ಕಡಿಮೆ. ನಾನು ಮಾತ್ರ ಪ್ಯಾಕೇಟಿನ ಮೇಲೆ ‘ಖಡಕ್ ಖಾರ’ ಅಂತ ಹಾಕಿಸಿದ್ದೆ!

ಇದರಲ್ಲೂ ತೊಡಕಿದೆ. ಕೇಳಿ ಮುಗಿಸೋಕೆ ಎರಡು ಸಂಜೆ ಬೇಕು. ಮುಖ ನೋಡಿ ಯಾರೂ ದೂರು ಹೇಳಲ್ಲ, ಅದಕ್ಕೆ ಹೆಸರು ಕೇಳದ ಗೂಗಲ್ ಫಾರ್ಮ್ ಒಂದನ್ನು ಇಟ್ಟುಕೊಂಡಿದ್ದೇನೆ. ಬುಟ್ಟಿಗೆ ಹಾಕಿ, ಕೊಳ್ಳದೇ ಹೋದವರ ಮನಸ್ಸು ಯಾವುದರಲ್ಲೂ ಸಿಗಲಿಲ್ಲ. ತಿಂಗಳಿಗೆ ಸಾವಿರ ಪಾರ್ಸೆಲ್ ಇದ್ದವರು ದುಡ್ಡಿನ ಆ್ಯಪೇ ಕೊಳ್ಳಬೇಕಾದೀತು. ನನ್ನ ಅರವತ್ತಕ್ಕೆ ಫೋನೇ ಸಾಕು.

ಹೊಸ ಪ್ಯಾಕೇಟಿನ ಮೇಲೆ ‘ಬಣ್ಣಕ್ಕೆ ಬ್ಯಾಡಗಿ’ ಅಂತ ಹಾಕಿಸಿದೆವು. ಹಳೇ ಲೇಬಲ್ ಇನ್ನೂ ಮುನ್ನೂರು ಉಳಿದಿವೆ. ಅವುಗಳ ಹಿಂಬದಿಯಲ್ಲಿ ನಮ್ಮ ಮನೆಯವರು ಸಂತೆ ಪಟ್ಟಿ ಬರೆಯುತ್ತಿದ್ದಾರೆ.