ಊದಿಸೋದಾ, ಮೂತ್ರ ತಪಾಸಣೆಯಾ? ಲಾರಿ ಮಾಲೀಕರಿಗೊಂದು ಹೋಲಿಕೆ

ಗಬ್ಬೂರು ಬೈಪಾಸ್ ಕಡೆಯಿಂದ ರಾತ್ರಿ ಲಾರಿ ಬಿಡುವ ಹುಬ್ಬಳ್ಳಿ ಮಾಲೀಕರು, ಡ್ರೈವರ್ ಕುಡಿದಿದ್ದಾನೆಯೇ ಎಂದು ಉಸಿರಿನಿಂದ ಹೇಳುವ ಊದುವ ಯಂತ್ರವನ್ನೇ ಮೊದಲು ಕೊಳ್ಳಲಿ. ನಿಮಿಷದ ಕೆಲಸ, ಫಲಿತಾಂಶ ಗೇಟಿನಲ್ಲೇ. ಮೋಟಾರು ವಾಹನ ಕಾಯ್ದೆಯ ಕಲಂ 185ರ ಮಿತಿ, 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮದ್ಯ, ದಾಟಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಾಯಿ ಮುಕ್ಕಳಿಸುವ ಔಷಧಿಯೂ ಯಂತ್ರಕ್ಕೆ ಮೋಸ ಮಾಡೀತು. 15 ನಿಮಿಷ ಬಿಟ್ಟು ಮತ್ತೆ ಊದಿಸಿ. ಕ್ಯಾಲಿಬ್ರೇಷನ್ (ಯಂತ್ರದ ಅಳತೆ ಸರಿಯಿದೆಯೇ ಎಂದು ಆಗಾಗ ನೋಡಿ ಸರಿಪಡಿಸುವುದು) ಮರೆತರಂತೂ ಅದು ಬರೀ ಆಟಿಕೆ.

ಗಾಂಜಾ ಮಾತ್ರ ಇದಕ್ಕೆ ಸಿಗದು. ಅದಕ್ಕೆ ಮೂತ್ರದ ಕಿಟ್. ಆದರೆ ಸೇದಿ ದಿನಗಳಾದ ಮೇಲೂ ಪಾಸಿಟಿವ್ ಬರುತ್ತದೆ. ಈಗ ಅಮಲಿದೆಯೇ ಎಂದು ಹೇಳದು. ಅಫೀಮು ಬಗೆಯ ಮಾದಕಗಳನ್ನೂ ನೋಡುವ ಕಿಟ್ ಆದರೆ ಕೆಮ್ಮಿನ ಔಷಧಿಯ ಕೋಡೀನ್ ಕೂಡ ಸಿಕ್ಕಿಬೀಳುತ್ತದೆ. ಲ್ಯಾಬಿನ ಖಾತ್ರಿಯಿಲ್ಲದೆ ಯಾವ ಡ್ರೈವರ್‌ನನ್ನೂ ಮನೆಗೆ ಕಳಿಸಬೇಡಿ. ನಾನಾದರೆ ನೇಮಕದ ಹೊತ್ತಿಗೆ ಮೂತ್ರ ತಪಾಸಣೆ, ನಿತ್ಯ ಊದಿಸುವುದು.